ಕೋಡಿಬಾಗದ ಒಂದು ಹೆಂಚು

ಕಾರವಾರದ ಕೋಡಿಬಾಗದಲ್ಲಿ ನಮ್ಮ ನೆರೆಯ ಹಳೆಯ ಮನೆಯನ್ನು ಕಳೆದ ಬೇಸಿಗೆಯಲ್ಲಿ ಕೆಡವಿದರು. ಮಾಡಿನಿಂದ ಇಳಿಸಿ ಅಂಗಳದಲ್ಲಿ ಪೇರಿಸಿದ್ದ ಹೆಂಚುಗಳಲ್ಲೊಂದನ್ನು ಎತ್ತಿ, ತೆಂಗಿನ ನಾರಿನಿಂದ ಪಾಚಿ ಉಜ್ಜಿದಾಗ, ಬಾಸೆಲ್ ಮಿಶನ್, ಮಂಗಳೂರು, 1865 ಎಂಬ ಉಬ್ಬಚ್ಚು ಕಾಣಿಸಿತು. ಮನೆ ಕಟ್ಟಿದ್ದೇ ಆ ವರ್ಷವೆಂದು ಅಲ್ಲಿದ್ದವರೆಲ್ಲ ನಿಶ್ಚಯಿಸಿಬಿಟ್ಟರು. ಆದರೆ ಅದು ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಮೊದಲ ಮಹಾಯುದ್ಧದ ಬಳಿಕ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಕೈಸೇರಿದ್ದರಿಂದ, ಮಿಶನ್ನಿನ ಹೆಸರಿರುವ ಈ ಹೆಂಚು ಅದಕ್ಕೂ ಹಿಂದಿನದಿರಬೇಕು ಎಂದಷ್ಟೇ ಊಹಿಸಬಹುದು. ಮನೆಯೂ ಅಷ್ಟೇ ಹಳೆಯದೆನ್ನಬೇಕಾದರೆ, ಹೆಂಚು ಬೇರೆ ಮನೆಯ ಮಾಡಿನಿಂದ ಇಲ್ಲಿಗೆ ಬಂದದ್ದಲ್ಲವೆಂಬುದು ಖಾತ್ರಿಯಾಗಬೇಕು. ಒಂದು ಹೆಂಚನ್ನು ಓದಲು ಇಷ್ಟು ತಾಳ್ಮೆ ಬೇಕೆಂಬುದು ನನಗೆ ಅಂದೇ ಮನವರಿಕೆಯಾಯಿತು.

ನಮ್ಮ ಊರಿನ ದೊಡ್ಡ ಚರಿತ್ರೆ ಪುಸ್ತಕಗಳಲ್ಲಿ ಸಿಗುತ್ತದೆ. 1862ರಲ್ಲಿ ಉತ್ತರ ಕನ್ನಡವು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿ ಕಾರವಾರ ಜಿಲ್ಲಾ ಕೇಂದ್ರವಾದದ್ದು, ಅದರ ಹಿಂದೆ ಧಾರವಾಡ ಸೀಮೆಯ ಹತ್ತಿಯನ್ನು ಇಲ್ಲಿಯ ಬಂದರಿನಿಂದ ಸಾಗಿಸಬಯಸಿದ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರ ಒತ್ತಾಯವಿದ್ದದ್ದು, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ರವೀಂದ್ರನಾಥ ಠಾಕೂರರು 1883ರಲ್ಲಿ ಬಂದು ತಂಗಿದ್ದು, ಎಲ್ಲವೂ ದಾಖಲಾಗಿವೆ. ಆದರೆ ಆ ಹತ್ತಿಯ ಅಂಡಿಗೆ ಹೊತ್ತವರು ಯಾವ ಕೇರಿಯಲ್ಲಿದ್ದರು, ಸಾಹೇಬರ ಬಂಗಲೆಗೆ ಮೀನು ಕೊಟ್ಟವರು ಯಾರು ಎಂಬುದನ್ನು ಕೇರಿಯವರೇ ಹೇಳಬೇಕು.

2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ನಮ್ಮ ಅಜ್ಜಿ ತಾನಾಗಿಯೇ ಮಾತಿಗೆ ತೊಡಗಿದರು. ಸೇತುವೆ ಕಟ್ಟುವ ಮೊದಲು ಸದಾಶಿವಗಡಕ್ಕೆ ಹೋಗಲು ಧಕ್ಕೆಯಲ್ಲಿ ಲಾಂಚಿಗಾಗಿ ಕಾಯಬೇಕಿತ್ತಂತೆ. "ಕೊನೇ ಲಾಂಚು ತಪ್ಪಿದರೆ ಬೀಗರ ಮನೆಯಲ್ಲೇ ವಸ್ತಿ" ಎಂದರು. ಹೊಳೆಯಾಚೆ ಹೆಣ್ಣು ಕೊಡುವಾಗ ಲಾಂಚಿನ ವೇಳೆಯನ್ನೂ ಲೆಕ್ಕ ಹಾಕುತ್ತಿದ್ದರೆಂಬ ಸಂಗತಿ ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ. ಸೇತುವೆ ಬೀಳದೇ ಹೋಗಿದ್ದರೆ ನಾನು ಕೇಳುತ್ತಲೂ ಇರಲಿಲ್ಲ, ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಇಂಥ ನೆನಪುಗಳಲ್ಲಿ ತಪ್ಪುಗಳಿರುತ್ತವೆ, ವರ್ಷಗಳು ಹಿಂದುಮುಂದಾಗುತ್ತವೆ. ಆದ್ದರಿಂದ ಒಬ್ಬರ ಮಾತನ್ನು ಇನ್ನಿಬ್ಬರ ಮಾತಿನೊಡನೆ, ಮನೆಯ ಹಳೆಯ ಉತಾರ, ತೆರಿಗೆ ಪಾವತಿಗಳೊಡನೆ ಹೋಲಿಸಿ ನೋಡುವುದು ಅಗತ್ಯ. ಕೆಡವಿದ ಮನೆಯವರು ಆ ಹೆಂಚನ್ನು ನನಗೇ ಕೊಟ್ಟರು. ಈಗ ಪ್ರತಿ ರವಿವಾರ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿಕೊಂಡು, ಧಕ್ಕೆಯಿಂದ ನಮ್ಮ ಮನೆಯವರೆಗೆ ಯಾವ ಬಾವಿ ಯಾರ ಹಿತ್ತಲಿನಲ್ಲಿತ್ತೆಂದು ಕೇಳಿ ನಕ್ಷೆಯಲ್ಲಿ ಗುರುತು ಹಾಕುತ್ತಿದ್ದೇನೆ. ಇದುವರೆಗೆ ಏಳು ಬಾವಿಗಳು ಸಿಕ್ಕಿವೆ.