ಗೋಕಾಕದಿಂದ ಇಥಾಕಾಕ್ಕೆ: ಅವ್ವ, ಅಪ್ಪ ಬಂದಾಗ

ಇಥಾಕಾ ಹತ್ತಿರದ ಟಗ್ಯಾನಕ್ ಜಲಪಾತದ ಮುಂದೆ ನಿಂತು ಅಪ್ಪ ಮೊದಲು ಕೇಳಿದ್ದು ಒಂದೇ: "ನಮ್ಮ ಗೋಕಾಕದ್ದಕ್ಕಿಂತ ಎತ್ತರ ಐತೇನು?"

ಎತ್ತರ ಹೌದು. ಇದು 215 ಅಡಿ, ನಮ್ಮದು ಸುಮಾರು 170. ಆದರೆ ಮಳೆಗಾಲದಲ್ಲಿ ಘಟಪ್ರಭೆ ಕೆಂಪಗೆ ತುಂಬಿ ಬೀಳುವ ಆ ಅಗಲ ಇದಕ್ಕಿಲ್ಲ. ಇಷ್ಟು ಹೇಳಿದ ಮೇಲೆ ಅಪ್ಪನಿಗೆ ಸಮಾಧಾನವಾಯಿತು. ಆಮೇಲೆ ತುಂಬಾ ಹೊತ್ತು ನೋಡುತ್ತಾ ಕುಳಿತರು.

ನಾನಿರುವುದು ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದ ಊರು. ಬೆಳಗಾವಿ ಕಡೆಯಿಂದ ಮಕ್ಕಳನ್ನು ನೋಡಲು ಇಂಥ ಕಾಲೇಜು ಊರುಗಳಿಗೆ ಬರುವ ಹಿರಿಯರು ಈಗ ಜಾಸ್ತಿ. ಅವರಿಗೂ ಅವರ ಮಕ್ಕಳಿಗೂ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಬಂದ ಎರಡನೇ ದಿನವೇ ಇಬ್ಬರನ್ನೂ ಬಟರ್‌ಮಿಲ್ಕ್ ಜಲಪಾತಕ್ಕೆ ಕರೆದೊಯ್ದೆ. ಅಲ್ಲಿ ಬರೀ ಕಲ್ಲಿನ ಮೆಟ್ಟಿಲು. ಅವ್ವನಿಗೆ ಮೊಣಕಾಲು ನೋವು, ಸಾಲದ್ದಕ್ಕೆ ನಿದ್ದೆಯೂ ಇಲ್ಲ. ಅರ್ಧ ದಾರಿಯಲ್ಲಿ ಕುಳಿತುಬಿಟ್ಟರು. ಬೇಸಿಗೆಯಲ್ಲಿ ಇಲ್ಲಿಗೂ ನಮ್ಮೂರಿಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಮೊದಲ ನಾಲ್ಕು ದಿನ ಎಲ್ಲಿಗೂ ಹೋಗಬೇಡಿ. ಟಗ್ಯಾನಕ್‌ನ ಕಣಿವೆಯ ದಾರಿ ಬಟರ್‌ಮಿಲ್ಕ್‌ನ ಹಾಗಲ್ಲ, ಹೆಚ್ಚುಕಡಿಮೆ ಸಮತಟ್ಟು. ಒಂದು ಕಡೆಗೆ ಒಂದು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅಷ್ಟೂ ಆಗದಿದ್ದರೆ ಕಾರಿನಲ್ಲಿ ಮೇಲಿನ ವೀಕ್ಷಣಾ ಜಾಗಕ್ಕೇ ಹೋಗಬಹುದು. ನಯಾಗರಾ ಇಲ್ಲಿಂದ ಸುಮಾರು ಮೂರು ಗಂಟೆ ದಾರಿ. ಹೋಗಿ ಬಂದೆವು, ಚೆನ್ನಾಗಿತ್ತು.

ಆದರೆ ನಿಜವಾದ ವಿಷಯ ಜಲಪಾತದ್ದಲ್ಲ. ನಾನು ಕೆಲಸಕ್ಕೆ ಹೋದ ಮೇಲೆ ಇವರಿಬ್ಬರೂ ಏನು ಮಾಡಬೇಕು? ಊರಲ್ಲಿ ಅಪ್ಪ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಯಾರನ್ನೂ ಕೇಳಬೇಕಾಗಿಲ್ಲ. ಇಲ್ಲಿ ಮಗಳ ಕಾರು ಬರುವ ತನಕ ಕಿಟಕಿ ಬಳಿ ಕೂರಬೇಕು. ಮೊದಲ ವಾರ ಅಪ್ಪನ ಮುಖ ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟ.

ಕಾಲೇಜು ಊರಿನ ದೊಡ್ಡ ಅನುಕೂಲ ಎಂದರೆ ಅದರ ಬಸ್ಸು. ಇಲ್ಲಿನದಕ್ಕೆ ಟಿಕ್ಯಾಟ್ ಎನ್ನುತ್ತಾರೆ. ಪೇಟೆಯ ಕಾಮನ್ಸ್‌ನಿಂದ ಗುಡ್ಡದ ಮೇಲಿನ ಕ್ಯಾಂಪಸ್ಸಿಗೆ ಹೋಗುತ್ತದೆ. ಎರಡು ಸಲ ಜೊತೆಗೆ ಹೋದೆ. ಮೂರನೇ ಸಲ ಅಪ್ಪ ಒಬ್ಬರೇ ಹೋದರು. ಕಿಸೆಯಲ್ಲಿ ಮನೆ ವಿಳಾಸ ಬರೆದ ಚೀಟಿ, ಫೋನು. ಕ್ಯಾಂಪಸ್ಸಿನ ಮ್ಯಾಕ್‌ಗ್ರಾ ಗೋಪುರದ ಗಂಟೆಗಳನ್ನು ಕೇಳಿ ಬಂದರು. 1868ರಿಂದ ಈ ಕ್ಯಾಂಪಸ್ಸಿನಲ್ಲಿ ಗಂಟೆ ನುಡಿಸುತ್ತಿದ್ದಾರೆ. ಆಮೇಲೆ ಜಾನ್ಸನ್ ಕಲಾ ಸಂಗ್ರಹಾಲಯ ಅವರ ಖಾಯಂ ಜಾಗವಾಯಿತು. ಪ್ರವೇಶ ಉಚಿತ. ಐದನೇ ಮಹಡಿಯ ಕಿಟಕಿಯಿಂದ ಇಡೀ ಊರು, ಕಯೂಗಾ ಸರೋವರ ಕಾಣುತ್ತವೆ. ಕ್ಯಾಂಪಸ್ಸಿನಲ್ಲಿ ಕಣಿವೆಯ ಮೇಲೆ ಒಂದು ತೂಗು ಸೇತುವೆ ಇದೆ. ಅದನ್ನು ದಾಟಿದ ದಿನ ಅಪ್ಪ ಗೋಕಾಕದಲ್ಲಿರುವ ಅಣ್ಣನಿಗೆ ಫೋನ್ ಮಾಡಿದರು. ನಮ್ಮ ಜಲಪಾತದ ತೂಗು ಸೇತುವೆ ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ, ಅಲ್ವಾ?

ಅವ್ವನಿಗೆ ಹಿಡಿಸಿದ್ದು ಬೇರೆ. ದಲೈ ಲಾಮಾ ಅವರ ನಮ್‌ಗ್ಯಾಲ್ ಮಠದ ಶಾಖೆ 1992ರಿಂದ ಈ ಊರಲ್ಲಿದೆ. ಮುಂಡಗೋಡದ ಟಿಬೆಟನ್ನರನ್ನು ನೋಡಿದ್ದ ಅವ್ವನಿಗೆ, ಇಷ್ಟು ದೂರ ಬಂದ ಮೇಲೆ ಆ ಕೆಂಪು ವಸ್ತ್ರ ಕಂಡಾಗ ಗುರುತಿನವರು ಸಿಕ್ಕ ಹಾಗಾಯಿತು.

ಇನ್ನು ಊಟ. ಮೂಸ್‌ವುಡ್ ಎಂಬ ಸಸ್ಯಾಹಾರಿ ಹೋಟೆಲ್ 1973ರಲ್ಲಿ ಶುರುವಾಗಿದ್ದು ಇದೇ ಊರಲ್ಲಿ. ಬೇರೆ ಕಡೆ ಮಾತ್ರ ಕೇಳಿಯೇ ತಿನ್ನಿ. ತರಕಾರಿ ಸೂಪಿಗೂ ಕೋಳಿಯ ಸಾರು ಹಾಕಿರಬಹುದು, ಕೆಲವು ಮೊಸರಿನಲ್ಲಿ ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡುವ ಜೆಲಟಿನ್ ಇರುತ್ತದೆ. ಕಾರ್ನೆಲ್ ಡೈರಿ ಬಾರಿನ ಐಸ್‌ಕ್ರೀಮ್ ಇಬ್ಬರಿಗೂ ಇಷ್ಟವಾಯಿತು. ಆದರೆ ಎರಡು ಹೊತ್ತಿನ ಊಟ ಮನೆಯಲ್ಲೇ ಆಗಬೇಕು. ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಊರಿಂದಲೇ ತನ್ನಿ. ವಿಮಾನ ನಿಲ್ದಾಣದಲ್ಲಿ ತಿನ್ನುವ ಪದಾರ್ಥ ಇದೆ ಎಂದು ಮೊದಲೇ ಹೇಳಿಬಿಡಿ. ಹಣ್ಣು ಮಾತ್ರ ಬೇಡ. ಗುಳಿಗೆಗಳನ್ನು ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಹೊಗೆಯ ಅಲಾರಂ ಬಗ್ಗೆ ಮೊದಲ ದಿನವೇ ತಿಳಿಸಿ. ನಾನು ಹೇಳಿರಲಿಲ್ಲ. ಅವ್ವ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರು, ಮನೆಯೆಲ್ಲ ಕಿರುಚಿಕೊಂಡಿತು. ಹೆದರಿ ಎರಡು ದಿನ ಒಲೆ ಹತ್ತಿರ ಹೋಗಲಿಲ್ಲ. ಕಿಟಕಿ ತೆಗೆದು, ಫ್ಯಾನ್ ಹಾಕಿ ತೋರಿಸಿದ ಮೇಲೆ ಮತ್ತೆ ಶುರು ಮಾಡಿದರು. ಕರೆಂಟಿನ ಒಲೆಗೆ ಬೆಂಕಿಯ ಉರಿ ಇಲ್ಲ. ಬಟ್ಟೆಯಿಂದ ಒತ್ತಿ ಒತ್ತಿ ರೊಟ್ಟಿ ಉಬ್ಬಿಸುವುದನ್ನು ಅವ್ವ ತಾವೇ ಕಂಡುಕೊಂಡರು. ಇನ್ನೊಂದು ಗೊಂದಲ ದೀಪದ್ದು. ಜೂನ್ ಕೊನೆಗೆ ಇಲ್ಲಿ ಹೊತ್ತು ಮುಳುಗುವುದು ಎಂಟೂ ಮುಕ್ಕಾಲರ ಸುಮಾರಿಗೆ. ಮುಸ್ಸಂಜೆ ದೀಪ ಹಚ್ಚದೆ ಉಣ್ಣುವುದು ಹೇಗೆ? ಕೊನೆಗೆ ಏಳು ಗಂಟೆಗೆ ಹಚ್ಚೋಣ ಅಂತ ತೀರ್ಮಾನ ಮಾಡಿದೆವು.

ವಾರಾಂತ್ಯಕ್ಕೆ ಸರೋವರದ ಕಡೆ ರೈತರ ಸಂತೆ ನಡೆಯುತ್ತದೆ. ಸುತ್ತಲಿನ 30 ಮೈಲಿಯೊಳಗೆ ಬೆಳೆದದ್ದು, ಮಾಡಿದ್ದನ್ನೇ ಅಲ್ಲಿ ಮಾರುತ್ತಾರೆ. ಜುಲೈ ಕೊನೆಯ ಶನಿವಾರ ನನಗೆ ಕೆಲಸವಿತ್ತು. ಮನೆಗೆ ಬಂದಾಗ ಮೇಜಿನ ಮೇಲೆ ಗೋವಿನಜೋಳದ ಆರು ತೆನೆ. ಇಬ್ಬರೇ ಹೋಗಿ ತಂದಿದ್ದರು. ಅವ್ವ ಕಿಟಕಿ ತೆಗೆದಿಟ್ಟು, ಹಂಚಿನ ಮೇಲೆ ಒಂದೊಂದೇ ತಿರುವಿ ತಿರುವಿ ಸುಡುತ್ತಿದ್ದರು.