ಗೊರಬಲಿಗೆ ಧಾರಣೆ ಎಷ್ಟಾಯಿತು?

ಹೊಸಬರು ಯಾರೇ ಕರೆ ಮಾಡಲಿ, ಅವರ ಕಷ್ಟ ಕೇಳುವ ಮೊದಲು ಅವರು ಕುಳಿತ ಜಾಗ ಕೇಳುತ್ತೇನೆ. ಈಗ ಎಲ್ಲಿದ್ದೀರಿ? ಬಾಗಿಲು ಹಾಕಿದೆಯೇ? ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ? "ಪೊಲೀಸರ ವಿಚಾರಣೆಯ ಹಾಗಿದೆಯಲ್ಲ ಮೇಡಂ" ಎಂದು ಸಾಗರದ ಕಡೆಯವರೊಬ್ಬರು ನಕ್ಕಿದ್ದರು. ನಗಲಿ. ಈ ಪ್ರಶ್ನೆಗಳನ್ನು ನಾನು ಕಲಿತದ್ದು ಒಬ್ಬ ಹೆಣ್ಣುಮಗಳ ಆರು ವಾರಗಳನ್ನು ಹಾಳು ಮಾಡಿ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಮಹಡಿ ಕೋಣೆ ಹಿಡಿದು ಆಪ್ತ ಸಮಾಲೋಚನೆ ನಡೆಸುವವಳು ನಾನು. 2020ರ ಮಾರ್ಚ್‌ವರೆಗೆ ನನ್ನ ಬಳಿಗೆ ಬರುವವರು ಮೆಟ್ಟಿಲು ಹತ್ತಿಯೇ ಬರಬೇಕಿತ್ತು. ಲಾಕ್‌ಡೌನ್ ಬಂದಾಗ ಬೇರೆ ದಾರಿ ಕಾಣದೆ ಮೊಬೈಲ್ ಹಿಡಿದೆ. ನಾಲ್ಕು ದಿನದ ಏರ್ಪಾಡು ಎಂದುಕೊಂಡಿದ್ದೆ. ಬಸ್ಸುಗಳು ಮತ್ತೆ ಓಡಲು ತೊಡಗಿದ ಮೇಲೆ ಪೇಟೆಯವರೆಲ್ಲ ಕುರ್ಚಿಗೆ ಮರಳಿದರು. ಹೊಸನಗರ, ತೀರ್ಥಹಳ್ಳಿ, ಸೊರಬದ ಕಡೆಯವರು ಮಾತ್ರ ಫೋನಿನಲ್ಲೇ ಉಳಿದರು. ಅಷ್ಟೇ ಅಲ್ಲ, ಹಿಂದೆ ಎಂದೂ ಬಾರದಿದ್ದವರು ಅಲ್ಲಿಂದ ಕರೆ ಮಾಡತೊಡಗಿದರು.

ಕಾರಣ ತಿಳಿಯಲು ಒಬ್ಬರ ಪಾಡು ನೋಡಿದರೆ ಸಾಕು. ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರಿನ ಆಚೆಯಿಂದ ಒಬ್ಬ ಹೆಂಗಸು ನನ್ನಲ್ಲಿಗೆ ಬರಬೇಕೆಂದರೆ ಬೆಳಗಿನ ಬಸ್ಸು ಹಿಡಿಯಬೇಕು, ಕೊಟ್ಟಿಗೆಯ ಕೆಲಸವನ್ನು ಯಾರಿಗೋ ವಹಿಸಬೇಕು, ಮನೆಯಲ್ಲಿ ಒಂದು ಸುಳ್ಳು ಹೇಳಬೇಕು. ಇಷ್ಟೆಲ್ಲ ಮಾಡಿ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ದೊಡ್ಡಪ್ಪನ ಮಗ. "ಏನು ಪೇಟೆಗೆ ಬಂದದ್ದು? ಒಬ್ಬಳೇ?" ನಮ್ಮ ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಅರ್ಧ ಮೈಲಿ ಇರಬಹುದು, ಸುದ್ದಿಗೆ ಮಾತ್ರ ಆ ಅಂತರವಿಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ತೊಂದರೆಗಳಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲ. ವೈದ್ಯರ ಕೊರತೆ ಇದೆ, ನಿಜ. ಅದರ ಜೊತೆಗೆ ಈ ದೊಡ್ಡಪ್ಪನ ಮಗನನ್ನೂ ಲೆಕ್ಕಕ್ಕೆ ಹಿಡಿಯಬೇಕು ಎನ್ನುವುದು ನನ್ನ ಅನುಭವ.

ಹಾಗಾಗಿ ಫೋನ್ ಬಂದದ್ದೇ ಗುಟ್ಟಿನ ಸಮಸ್ಯೆ ಬಗೆಹರಿಯಿತು ಎಂದು ನಾನು ನಂಬಿಬಿಟ್ಟೆ.

ಆರು ವಾರ ಹಾಳು ಮಾಡಿದೆ ಎಂದೆನಲ್ಲ, ಆ ಹೆಣ್ಣುಮಗಳಿಗೆ ಮೂವತ್ತರ ಆಸುಪಾಸು ವಯಸ್ಸು. (ಇಲ್ಲಿ ಬರುವ ಎಲ್ಲರ ಗುರುತಿನ ವಿವರಗಳನ್ನೂ ಬದಲಿಸಿದ್ದೇನೆ.) ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ರೆ ಇಲ್ಲ, ಎದೆಯ ಮೇಲೆ ಕಲ್ಲು ಹೇರಿದ ಹಾಗೆ, ಯಾವ ಕೆಲಸವೂ ಬೇಡ ಎಂದು ಮೊದಲ ಸಂದೇಶದಲ್ಲಿ ಬರೆದಿದ್ದರು. ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಮಾತು. ನಾನು ಪ್ರಶ್ನೆ ಕೇಳುವುದು, ಅವರು "ಹೂಂ", "ಹಾಗೇನಿಲ್ಲ", "ಈಗ ಪರವಾಗಿಲ್ಲ" ಎನ್ನುವುದು. ಆರು ವಾರ ಹೀಗೇ ನಡೆಯಿತು. ನನ್ನ ಪುಸ್ತಕದಲ್ಲಿ ಐದನೆಯ ವಾರದ ಎದುರು "ಸುಧಾರಣೆ ಇದೆ" ಎಂದು ಬರೆದಿದ್ದೇನೆ. ಆ ಸಾಲನ್ನು ಹೊಡೆದು ಹಾಕಿಲ್ಲ, ಆಗಾಗ ತೆಗೆದು ನೋಡುತ್ತೇನೆ.

ಏಳನೆಯ ವಾರ ಗೌರಿ ಹಬ್ಬಕ್ಕೆ ತವರಿಗೆ ಹೋದವರು ಅಲ್ಲಿಂದ ಕರೆ ಮಾಡಿದರು. ಒಂದು ಗಂಟೆ ಹತ್ತು ನಿಮಿಷ ಮಾತನಾಡಿದರು. ಗಂಡನ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಜಗಲಿಯ ಒಂದೇ ಮೂಲೆಯಲ್ಲಿ. ಅಲ್ಲಿಯೂ ಫೋನನ್ನು ಕಿಟಕಿಯ ಸರಳಿಗೆ ಆನಿಸಿಡಬೇಕು, ಕೈಗೆತ್ತಿಕೊಂಡರೆ ಕರೆ ಕಡಿಯುತ್ತದೆ. ಆದ್ದರಿಂದ ಸ್ಪೀಕರ್ ಹಾಕಿಯೇ ಮಾತು. ನಾಲ್ಕು ಮೊಳ ಆಚೆ ಆರಾಮ ಕುರ್ಚಿಯಲ್ಲಿ ಮಾವನವರು ಪತ್ರಿಕೆ ಹಿಡಿದು ಕುಳಿತಿರುತ್ತಾರೆ, ಅತ್ತೆ ಬತ್ತಿ ಹೊಸೆಯುತ್ತಿರುತ್ತಾರೆ. "ಅತ್ತೆಯೊಂದಿಗೆ ಹೇಗಿದ್ದೀರಿ?" ಎಂದು ನಾನು ಆರು ವಾರ ಕೇಳಿದ ಪ್ರಶ್ನೆ ನೇರವಾಗಿ ಅತ್ತೆಯ ಕಿವಿಗೇ ಬೀಳುತ್ತಿತ್ತು.

"ಮೊದಲೇ ಹೇಳಬಹುದಿತ್ತಲ್ಲ" ಎಂದೆ.

"ಅವರ ಎದುರಿಗೇ ಹೇಗೆ ಹೇಳಲಿ ಮೇಡಂ? ನೀವೂ ಕೇಳಲಿಲ್ಲ."

ಅಲ್ಲಿಂದ ನಮ್ಮ ಕೆಲಸ ನಿಜವಾಗಿ ಆರಂಭವಾಯಿತು. ಮನೆಯ ಹಿಂದಿನ ಗುಡ್ಡದ ಮೇಲೆ ಒಂದು ಗೇರುಮರದ ಬುಡದಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎಂದು ಅವರೇ ಪತ್ತೆ ಮಾಡಿದರು. ಸಂಜೆ ಡೈರಿಗೆ ಹಾಲು ಕೊಟ್ಟು ಬರುವ ಹೊತ್ತನ್ನು ನಮ್ಮ ಸಮಯವಾಗಿ ಗೊತ್ತು ಮಾಡಿಕೊಂಡೆವು. ಇಯರ್‌ಫೋನ್ ಕಡ್ಡಾಯ. ಆ ದಾರಿಯಲ್ಲಿ ಯಾರಾದರೂ ಬಂದರೆ ಹೇಳಲು ಒಂದು ಸಂಕೇತವೂ ಬೇಕಿತ್ತು. ಅವರು ಆರಿಸಿಕೊಂಡದ್ದು: "ಗೊರಬಲಿಗೆ ಧಾರಣೆ ಎಷ್ಟಾಯಿತು?" ಗೊರಬಲು ಎಂದರೆ ಅಡಿಕೆಯ ಒಂದು ಬಗೆ. ಅಡಿಕೆಯ ಊರಿನಲ್ಲಿ ಇದಕ್ಕಿಂತ ಯಾರಿಗೂ ಅನುಮಾನ ಬಾರದ ಮಾತು ಇನ್ನೊಂದಿಲ್ಲ. ಅದು ಕೇಳಿಸಿದ ಕೂಡಲೇ ನಾನು ಮಂಡಿಯ ಮಾತಿಗೆ ಇಳಿಯಬೇಕು, ದಾರಿಹೋಕರು ದಾಟಿ ಹೋಗುವವರೆಗೆ. ಈ ಒಪ್ಪಂದದಿಂದಾಗಿ ರಾಶಿ, ಬೆಟ್ಟೆ, ಸರಕು ಎಂಬ ಅಡಿಕೆಯ ಬಗೆಗಳ ಧಾರಣೆಯನ್ನು ನಾನು ದಿನವೂ ಪತ್ರಿಕೆಯಲ್ಲಿ ನೋಡಿಕೊಳ್ಳುವ ಹಾಗಾಯಿತು.

ಗುಡ್ಡ ಹತ್ತುವುದೂ ಚಿಕಿತ್ಸೆಯ ಭಾಗವಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಖಿನ್ನತೆಯಲ್ಲಿ ಇರುವವರಿಗೆ ದಿನದಲ್ಲಿ ಒಂದು ನಿಶ್ಚಿತ ಚಟುವಟಿಕೆ ಗೊತ್ತು ಮಾಡಿ, ಮನಸ್ಸು ಬರಲಿ ಬಾರದಿರಲಿ ಅದನ್ನು ಮಾಡಿಸುವುದು ನಮ್ಮ ಹಳೆಯ ವಿಧಾನ. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾದರೆ ಮನಸ್ಸು ಬರುವುದಿಲ್ಲ. ನನ್ನ ಕೋಣೆಯಲ್ಲಿ ಇದನ್ನು ವಿವರಿಸಲು ಹಾಳೆ, ಚೌಕ, ಅಂಕಗಳೆಲ್ಲ ಬೇಕಾಗುತ್ತಿದ್ದವು. ಇಲ್ಲಿ ನೆಟ್‌ವರ್ಕೇ ಆ ಕೆಲಸ ಮಾಡಿತು.

ದೂರದ ಮಾತಿನಲ್ಲಿ ನನ್ನನ್ನು ಬಹಳ ಕಾಡಿದ್ದು ಮೌನ. ಎದುರಿಗೆ ಕುಳಿತಾಗ ಮೌನ ನಮಗೆ ಒಂದು ಉಪಕರಣ. ಒಬ್ಬರು ಮಾತು ನಿಲ್ಲಿಸಿ ನೆಲ ನೋಡುತ್ತಾರೆ, ನಾವೂ ಸುಮ್ಮನಿರುತ್ತೇವೆ, ಮುಖ್ಯವಾದ ಮಾತು ಆಮೇಲೆ ಬರುತ್ತದೆ. ಫೋನಿನಲ್ಲಿ ಮೌನವಾದರೆ ಮೂರನೆಯ ಸೆಕೆಂಡಿಗೆ "ಹಲೋ? ಕೇಳಿಸುತ್ತಿದೆಯೇ?" ಎನ್ನುವುದು ಎಲ್ಲರ ಅಭ್ಯಾಸ. ಅಳು ಗಂಟಲಿಗೆ ಬಂದವರಿಗೆ ಈ "ಹಲೋ" ಬಡಿದರೆ ಮುಗಿಯಿತು, ಅದು ಮತ್ತೆ ಒಳಗೆ ಹೋಗುತ್ತದೆ. ಈಗ ಮೊದಲೇ ಹೇಳಿಟ್ಟಿರುತ್ತೇನೆ: "ನೀವು ಸುಮ್ಮನಾದರೆ ನಾನೂ ಸುಮ್ಮನಿರುತ್ತೇನೆ. ಕರೆ ಕಡಿದರೆ ಗೊತ್ತಾಗುತ್ತದೆ, ನಾನೇ ಮತ್ತೆ ಮಾಡುತ್ತೇನೆ." ವಿಡಿಯೊ ಇದ್ದರೆ ವಾಸಿ ಎನ್ನುವಿರಿ. ಪೂರ್ತಿ ವಾಸಿಯಲ್ಲ. ವಿಡಿಯೊದಲ್ಲಿ ಮುಖವಷ್ಟೇ ಕಾಣುತ್ತದೆ, ಮುಖವನ್ನು ಅಂಕೆಯಲ್ಲಿ ಇಟ್ಟುಕೊಳ್ಳುವುದು ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತು. ಒಮ್ಮೆ ಒಬ್ಬರ ಮೊಬೈಲ್ ಜಾರಿ ಮಡಿಲಿಗೆ ಬಿದ್ದಾಗ ಕಂಡೆ: ನಗುನಗುತ್ತ ಮಾತನಾಡುತ್ತಿದ್ದವರ ಸೆರಗಿನ ತುದಿ ಹಗ್ಗದ ಹಾಗೆ ಹುರಿಗೊಂಡಿತ್ತು.

ಗಂಡಸರ ವಿಷಯವೇ ಬೇರೆ. ನನ್ನ ಕೋಣೆಗೆ ಬಂದ ಗಂಡಸರು ಗಡಿಯಾರ ನೋಡುತ್ತ ಕೂರುವವರೇ ಹೆಚ್ಚು. ಎಲೆಚುಕ್ಕಿ ರೋಗದಿಂದ ತೋಟ ಕಳೆದುಕೊಳ್ಳುತ್ತಿದ್ದ ಬೆಳೆಗಾರರೊಬ್ಬರು ನಿದ್ರೆ ಬರುತ್ತಿಲ್ಲ ಎಂಬ ನೆಪದಲ್ಲಿ ಕರೆ ಮಾಡಿದ್ದರು. ಜೀಪನ್ನು ರಸ್ತೆಯ ಪಕ್ಕಕ್ಕೆ ಹಾಕಿ, ಗಾಜು ಏರಿಸಿಕೊಂಡು ಮಾತನಾಡುತ್ತಿದ್ದರು. ಮೂರನೆಯ ಬಾರಿ ಅತ್ತರು. ಒಬ್ಬ ಹೆಂಗಸಿನ ಎದುರು ಕುಳಿತು ಅಳುವ ಜನ ಅವರಲ್ಲ, ಅದು ಅವರಿಗೂ ಗೊತ್ತಿತ್ತು, ನನಗೂ. ನನ್ನ ಮಾತಿನಿಂದ ಅವರ ತೋಟದ ಒಂದು ಸೋಗೆಯೂ ಹಸಿರಾಗಲಿಲ್ಲ. ಆದರೆ ಎಂಟು ತಿಂಗಳಿಂದ ಬೀರುವಿನಲ್ಲಿ ಮುಚ್ಚಿಟ್ಟಿದ್ದ ಸಾಲದ ಕಾಗದಗಳನ್ನು ಹೆಂಡತಿಗೆ ತೋರಿಸಿದರು. ಆಕೆಗೆ ಅರ್ಧ ವಿಷಯ ಆಗಲೇ ಗೊತ್ತಿತ್ತಂತೆ.

ಇಷ್ಟು ಓದಿ ಎಲ್ಲಕ್ಕೂ ಫೋನ್ ಸಾಕು ಎಂದುಕೊಳ್ಳಬೇಡಿ. ನಾನು ಹಾಗೆ ಎಂದುಕೊಂಡಿದ್ದ ಕಾಲದಲ್ಲಿ ಒಂದು ಆನ್‌ಲೈನ್ ಸಮಾಲೋಚನಾ ಕಂಪನಿಗೂ ಕೆಲಸ ಮಾಡುತ್ತಿದ್ದೆ. ಹೆಸರು ಬೇಡ. ಕರೆ ಮಾಡುವವರ ಬಗ್ಗೆ ಅವರು ನನಗೆ ಕೊಡುತ್ತಿದ್ದದ್ದು ಒಂದು ಹೆಸರು, ಒಂದು ನಂಬರು. ಜುಲೈ ತಿಂಗಳು, ಆಗುಂಬೆಯ ಕಡೆ ಮಳೆ ಬಿಡದೆ ಸುರಿಯುತ್ತಿತ್ತು. ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ಮಾತಿನ ನಡುವೆ "ಇನ್ನು ಸಾಕು ಅನ್ನಿಸುತ್ತಿದೆ ಮೇಡಂ" ಎಂದ. ಕರೆ ಕಡಿಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಅವನ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ಏನೂ ಗೊತ್ತಿಲ್ಲ. ಕಂಪನಿಯ ಸಹಾಯವಾಣಿಗೆ ಮಾಡಿದರೆ 24 ಗಂಟೆಯೊಳಗೆ ಉತ್ತರಿಸುತ್ತೇವೆ ಎಂಬ ಧ್ವನಿಮುದ್ರಿತ ಸಂದೇಶ. ನಲವತ್ತು ನಿಮಿಷ ನಾನು ಆ ಕೋಣೆಯಲ್ಲಿ ಏನು ಮಾಡಿದೆ ಎಂದು ಈಗ ಕೇಳಿದರೆ, ಮೇಜಿನ ಮೇಲಿದ್ದ ಪೆನ್ನುಗಳನ್ನೆಲ್ಲ ಉದ್ದಕ್ಕೆ ತಕ್ಕಂತೆ ಜೋಡಿಸಿದ್ದು ಮಾತ್ರ ನೆನಪಿದೆ. ಕಡೆಗೆ ಅವನೇ ಕರೆ ಮಾಡಿದ, ಪಕ್ಕದ ಮನೆಯ ಲ್ಯಾಂಡ್‌ಲೈನ್‌ನಿಂದ. "ಬೆಳಿಗ್ಗೆಯಿಂದ ಕರೆಂಟಿಲ್ಲ, ಮೊಬೈಲ್ ಸತ್ತುಹೋಯಿತು. ನೀವು ಗಾಬರಿಯಾಗುತ್ತೀರಿ ಎಂದು ಗದ್ದೆ ದಾಟಿ ಬಂದೆ" ಎಂದ. ಆ ಮಳೆಯಲ್ಲಿ, ನನ್ನ ಗಾಬರಿಗಾಗಿ.

ತಿಂಗಳೊಳಗೆ ಆ ಕಂಪನಿ ಬಿಟ್ಟೆ. ಅಂದಿನಿಂದ ಮೊದಲ ಭೇಟಿಯಲ್ಲೇ ಊರು, ಮನೆಗೆ ತಿರುಗುವ ದಾರಿ, ಹತ್ತಿರದ ಆಸ್ಪತ್ರೆ, ಹತ್ತು ನಿಮಿಷದಲ್ಲಿ ನಡೆದು ಅವರ ಮನೆ ಮುಟ್ಟಬಲ್ಲ ಒಬ್ಬರ ನಂಬರು ಬರೆದುಕೊಳ್ಳುತ್ತೇನೆ. ಜೀವಕ್ಕೆ ಅಪಾಯ ಎನ್ನಿಸಿದರೆ ಮಾತ್ರ ಆ ನಂಬರಿಗೆ ಕರೆ ಮಾಡುತ್ತೇನೆ ಎಂದು ಒಪ್ಪಿಗೆಯನ್ನೂ ಪಡೆಯುತ್ತೇನೆ. ಗೋಪ್ಯತೆ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೇ ಕೊಟ್ಟ ಹಕ್ಕು. ಅನಾಹುತ ತಪ್ಪಿಸಲು ಬೇಕಾದಷ್ಟನ್ನು ಮಾತ್ರ ಹೇಳಲು ಅದೇ ಕಾಯ್ದೆಯಲ್ಲಿ ಅವಕಾಶವೂ ಇದೆ. ಎರಡನ್ನೂ ಮೊದಲ ದಿನವೇ ವಿವರಿಸದ ಸಮಾಲೋಚಕರ ಬಳಿ ಎರಡನೆಯ ದಿನ ಹೋಗುವ ಅಗತ್ಯವಿಲ್ಲ.

ಕೆಲವು ಕರೆಗಳನ್ನು ಐದು ನಿಮಿಷದಲ್ಲಿ ಮುಗಿಸುತ್ತೇನೆ. ವರ್ಷಗಟ್ಟಲೆ ಕುಡಿದವರು ಎರಡು ದಿನದಿಂದ ಬಿಟ್ಟಿದ್ದಾರೆ, ಕೈ ನಡುಗುತ್ತಿದೆ, ಗೋಡೆಯ ಮೇಲೆ ಏನೋ ಹರಿದಾಡುತ್ತಿದೆ ಎನ್ನುತ್ತಿದ್ದಾರೆ ಎಂದು ಹೆಂಡತಿ ಹೇಳಿದರೆ ಅದು ಸಮಾಲೋಚನೆಯ ಹೊತ್ತಲ್ಲ. ಫಿಟ್ಸ್ ಬರಬಹುದು, ಪ್ರಾಣಕ್ಕೇ ಅಪಾಯ. ವಾಹನ ಹಿಡಿದು ಮೊದಲು ಆಸ್ಪತ್ರೆಗೆ ಹೊರಡಿ ಎನ್ನುತ್ತೇನೆ. ಇಲ್ಲದ ಧ್ವನಿ ಕೇಳಿಸುವವರನ್ನೂ, ಊಟ ನಿದ್ರೆ ಪೂರ್ತಿ ಬಿಟ್ಟವರನ್ನೂ ಮನೋವೈದ್ಯರು ಕಣ್ಣಾರೆ ನೋಡಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ದೂರವಾದರೆ, ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಬಗ್ಗೆ ಅಲ್ಲಿ ವಿಚಾರಿಸಲು ಹೇಳುತ್ತೇನೆ. ಮಾತ್ರೆ ಬರೆಯುವ ಅಧಿಕಾರ ನನಗಿಲ್ಲ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ನೋಂದಾಯಿತ ವೈದ್ಯರು ವಿಡಿಯೊ, ಫೋನಿನಲ್ಲೂ ನೋಡಬಹುದು, ಔಷಧಗಳಿಗೆ ಮಿತಿಗಳಿವೆ. ಸಮಾಲೋಚಕರು ಮಾತ್ರೆಯ ಹೆಸರು ಸೂಚಿಸತೊಡಗಿದರೆ ಫೋನ್ ಇಟ್ಟುಬಿಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಅಡಿಕೆ ಗಿಡ ಕೊಳ್ಳುವಾಗ ಯಾವ ನರ್ಸರಿಯದ್ದು ಎಂದು ಹತ್ತು ಸಲ ಕೇಳುವವರು ನಾವು.

ನಾನು ಸಿಗದ ಹೊತ್ತಿಗೆಂದು ಎಲ್ಲರಿಗೂ ಕೊಡುವ ಸಂಖ್ಯೆ 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಆರಂಭವಾದದ್ದು, ಹಣ ಕೊಡಬೇಕಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತನಾಡಬಹುದು. ರಾತ್ರಿ ಮೂರಕ್ಕೆ ಎಚ್ಚರವಾಗುವವರಿಗೆ ಅದು ದೊಡ್ಡ ವಿಷಯ.

ಗೇರುಮರದ ಬುಡದವರು ಮಾರ್ಚ್ ಹೊತ್ತಿಗೆ ತಿಂಗಳಿಗೊಮ್ಮೆ ಮಾತ್ರ ಕರೆ ಮಾಡುತ್ತಿದ್ದರು. ನಿದ್ರೆ ಐದೂವರೆಯವರೆಗೂ ಬರುತ್ತಿತ್ತು. ಅತ್ತೆಯೊಂದಿಗೆ ಎರಡು ಸಲ ಜಗಳವಾಗಿತ್ತು, ಅದನ್ನು ಇಬ್ಬರೂ ಒಳ್ಳೆಯ ಲಕ್ಷಣವೆಂದೇ ಎಣಿಸಿದೆವು. ಒಂದು ಸಂಜೆ ಮಾತು ಅರ್ಧದಲ್ಲಿರುವಾಗ ಇದ್ದಕ್ಕಿದ್ದ ಹಾಗೆ "ಗೊರಬಲಿಗೆ ಧಾರಣೆ ಎಷ್ಟಾಯಿತು ಮೇಡಂ?" ಎಂದರು. ನಾನು ತಕ್ಷಣ ಧ್ವನಿ ಬದಲಿಸಿ, ಈ ವಾರ ಮಂಡಿ ಸ್ವಲ್ಪ ಇಳಿದಿದೆಯಂತೆ, ಕಾದು ನೋಡುವುದು ಒಳ್ಳೆಯದು ಎಂದು ಶುರು ಮಾಡಿದೆ.

ಆ ಕಡೆಯಿಂದ ನಗು. "ಇಲ್ಲಿ ಯಾರೂ ಇಲ್ಲ ಮೇಡಂ, ನಿಜವಾಗಿಯೇ ಕೇಳಿದ್ದು. ಎರಡು ಚೀಲ ಉಳಿದಿದೆ, ನಾಳೆ ನಾನೇ ಪೇಟೆಗೆ ತರುತ್ತಿದ್ದೇನೆ."

ಪತ್ರಿಕೆ ಹುಡುಕಿ ನೋಡಿ ಹೇಳಿದೆ.