ಹಿರಿಯರು ದೂರು ಹೇಳುವುದಿಲ್ಲ, ನಾವೇ ಬರೆದಿಡಬೇಕು

ಕೋಲಾರದ ಹೊರವಲಯದ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ಅದಕ್ಕೂ ಮೊದಲು ಆಸ್ಪತ್ರೆಯಲ್ಲಿದ್ದೆ. ಆಸ್ಪತ್ರೆಯಲ್ಲಿ ಡ್ರಿಪ್ ಮುಗಿದು ಎರಡು ನಿಮಿಷ ಆದರೂ ರೋಗಿಯ ಕಡೆಯವರು ಬಾಗಿಲಲ್ಲಿ ನಿಂತು ಕೂಗುತ್ತಾರೆ. ಆಶ್ರಮದಲ್ಲಿ ಯಾರೂ ಕೂಗುವುದಿಲ್ಲ. "ರಾತ್ರಿ ಕರೆದಾಗ ಬಂದರಾ ಅಜ್ಜಿ?" ಅಂತ ಕೇಳಿದರೆ "ಬಂದರಮ್ಮ, ಪಾಪ ಅವರಿಗೂ ಕೆಲಸ ಇರುತ್ತಲ್ಲ" ಅನ್ನುತ್ತಾರೆ. ಅದೇ ಅಜ್ಜಿಯನ್ನು ಮಗ್ಗಲು ತಿರುಗಿಸಿ ನೋಡಿದರೆ ಲಂಗ ಬೆನ್ನಿನವರೆಗೂ ಒದ್ದೆ. ಅಂಚಿನಲ್ಲಿ ಒಣಗಿದ ಹಳದಿ ಗುರುತು. ಅಂದರೆ ಒದ್ದೆಯಾಗಿ ಗಂಟೆಗಟ್ಟಲೆ ಆಗಿದೆ.

ಅಜ್ಜಿ ಸುಳ್ಳು ಹೇಳಿದ್ದು ಯಾಕೆ ಅಂತ ಯೋಚಿಸಿ ನೋಡಿ. ದೂರು ಹೇಳಿದವರು ಇವತ್ತು ರಾತ್ರಿಯೂ ಅದೇ ಮಂಚದಲ್ಲಿ ಮಲಗಬೇಕು. ಅದೇ ಆಯಾ ಕೈಯಿಂದ ನೀರು ಕುಡಿಯಬೇಕು. ಮಗನಿಗೆ ಹೇಳೋಣ ಅಂದರೆ, "ಇಲ್ಲೂ ಆಗಲ್ಲ ಅಂದರೆ ಇನ್ನೆಲ್ಲಿಗಮ್ಮ ಕರ್ಕೊಂಡು ಹೋಗ್ಲಿ" ಅನ್ನುತ್ತಾನೇನೋ ಅನ್ನುವ ಭಯ. ಹಾಗಾಗಿ ಎಲ್ಲದಕ್ಕೂ "ಚೆನ್ನಾಗಿದೆಯಮ್ಮ" ಅನ್ನುವುದೇ ಉತ್ತರ.

ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ. ಇಲ್ಲಿರುವವರ ಪರವಾಗಿ ಒಳಗೆ ಕೆಲಸ ಮಾಡುವ ನಾವೇ ಮಾತಾಡಬೇಕು. ಆ ಮಾತು ಯಾವ ಅಜ್ಜಿಯ ಬಾಯಿಂದ ಬಂತು ಅಂತ ಯಾರಿಗೂ ಗೊತ್ತಾಗಬಾರದು. ಅದಕ್ಕೆ ನನಗೆ ಸಿಕ್ಕ ದಾರಿ ಒಂದೇ, ಪುಸ್ತಕ. ಮಂಚದ ತುದಿಗೆ ದಾರ ಕಟ್ಟಿ ನೇತುಹಾಕಿದ ಒಂದು ನೋಟ್‌ಬುಕ್. ಎಷ್ಟು ಗಂಟೆಗೆ ಮಗ್ಗಲು ಬದಲಾಯಿಸಿದೆವು, ಎಡವೋ ಬಲವೋ ಅಂಗಾತವೋ, ಬಟ್ಟೆ ಒದ್ದೆ ಇತ್ತಾ, ನೀರು ಕುಡಿಸಿದೆವಾ, ಮಾಡಿದವರ ಸಹಿ. ಇಷ್ಟೇ. ಸಹಿ ಹಾಕುವ ಜಾಗ ಖಾಲಿ ಇದ್ದರೆ ಪುಸ್ತಕವೇ ದೂರು ಹೇಳುತ್ತದೆ. ಅಜ್ಜಿ ಬಾಯಿ ಬಿಡಬೇಕಾಗಿಲ್ಲ.

ಮೊದಮೊದಲು ಆಯಾಗಳಿಗೆ ಇದು ಇಷ್ಟವಾಗಲಿಲ್ಲ. ತಮ್ಮ ಮೇಲೆ ಕಣ್ಣಿಡೋಕೆ ಮಾಡಿದ್ದು ಅಂದುಕೊಂಡರು. ಆದರೆ ಆ ಪುಸ್ತಕದಿಂದ ಹೆಚ್ಚು ಅನುಕೂಲ ಆಗಿದ್ದು ಅವರಿಗೇ. ಹೇಗೆ ಅಂತ ಹೇಳುತ್ತೇನೆ.

ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಯಿಸಬೇಕು, ಇಲ್ಲದಿದ್ದರೆ ಭಾರ ಬೀಳುವ ಕಡೆ ಹುಣ್ಣಾಗುತ್ತದೆ. ಒಬ್ಬರಿಗೆ ಹತ್ತು ನಿಮಿಷ ಅಂತ ಇಟ್ಟುಕೊಳ್ಳಿ. ಬಟ್ಟೆ ಬದಲಾಯಿಸಿ, ಒರೆಸಿ, ದಿಂಬು ಸರಿ ಮಾಡುವಷ್ಟರಲ್ಲಿ ಅಷ್ಟು ಆಗಿಯೇ ಆಗುತ್ತದೆ. ಹತ್ತು ಜನ ಇದ್ದರೆ 100 ನಿಮಿಷ. ಎರಡು ಗಂಟೆ ಅಂದರೆ 120 ನಿಮಿಷ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಆಯಾ ಇದ್ದರೆ ಅವಳಿಗೆ ಉಳಿಯುವುದು 20 ನಿಮಿಷ. ಅಷ್ಟರಲ್ಲಿ ಬಾತ್‌ರೂಮಿಗೆ ಕರೆದುಕೊಂಡು ಹೋಗಬೇಕು, ನೀರು ಕೊಡಬೇಕು, ಎದ್ದು ಓಡಾಡುವವರನ್ನು ನೋಡಬೇಕು. ಮತ್ತೆ ಮೊದಲ ಮಂಚಕ್ಕೆ ಬರಬೇಕು. ಬೆಳಗಿನವರೆಗೂ ಹೀಗೇ. ಇದು ಯಾರಿಂದಲೂ ಆಗದ ಕೆಲಸ.

ನಮ್ಮ ಕೋಲಾರದ ಕಡೆ ಇನ್ನೂ ಒಂದು ಕಷ್ಟ ಇದೆ. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ಮಿತಿ. ಅದನ್ನು ದಾಟಿದ ಬೋರ್‌ವೆಲ್ ನೀರನ್ನೇ ದಶಕಗಟ್ಟಲೆ ಕುಡಿದವರಲ್ಲಿ ಕೆಲವರ ಬೆನ್ನುಮೂಳೆ, ಮೊಣಕಾಲು, ಕುತ್ತಿಗೆ ಗಟ್ಟಿಯಾಗಿ ಬಿಗಿದುಕೊಂಡಿರುತ್ತದೆ. ಬೆನ್ನು ಬಾಗಿದವರು ಅಂಗಾತ ಮಲಗಿದರೆ ಭಾರವೆಲ್ಲ ಒಂದೇ ಮೂಳೆಯ ಮೇಲೆ ಬೀಳುತ್ತದೆ. ಅವರನ್ನು ಒಬ್ಬರೇ ತಿರುಗಿಸಲು ಹೋದರೆ ಅವರಿಗೂ ನೋವು, ಆಯಾ ಸೊಂಟವೂ ಹೋಗುತ್ತದೆ. ಇಬ್ಬರು ಬೇಕೇ ಬೇಕು.

ಇದನ್ನೆಲ್ಲ ಬಾಯಲ್ಲಿ ಹೇಳಿದಾಗ ಮಾಲೀಕರು "ನೋಡೋಣ ಸಿಸ್ಟರ್" ಅನ್ನುತ್ತಿದ್ದರು. ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ ಕೂತ ದಿನ ಮಾತು ಬೇರೆಯಾಯಿತು. ರಾತ್ರಿ ಒಂದು ಗಂಟೆಯಿಂದ ಐದು ಗಂಟೆವರೆಗೆ ಸಾಲು ಸಾಲು ಖಾಲಿ. ಯಾವ ಆಯಾ ಇದ್ದರೂ ಅಷ್ಟೇ, ಅದೇ ಹೊತ್ತಿಗೆ ಖಾಲಿ. ತಪ್ಪು ಆಯಾಗಳದ್ದಲ್ಲ, ರಾತ್ರಿಗೆ ಜನ ಸಾಲುತ್ತಿಲ್ಲ ಅನ್ನುವುದು ಮಾಲೀಕರಿಗೇ ಕಾಣಿಸಿತು. ರಾತ್ರಿ ಪಾಳಿಗೆ ಇನ್ನೊಬ್ಬರನ್ನು ಹಾಕಿದರು. ಆಮೇಲಿಂದ ಆಯಾಗಳೇ ಮರೆಯದೆ ಬರೆಯುತ್ತಾರೆ.

ಬೆಡ್ ಸೋರ್, ಅಂದರೆ ಒಂದೇ ಮಗ್ಗಲಲ್ಲಿ ಮಲಗಿ ಆಗುವ ಹುಣ್ಣಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗೂ ಇದು ಬೇಕು. ಹುಣ್ಣಾಗುವ ಮೊದಲು ಚರ್ಮ ಕೆಂಪಾಗುತ್ತದೆ ಅಂತ ನಮಗೆ ಪಾಠದಲ್ಲಿ ಹೇಳಿಕೊಟ್ಟಿರುತ್ತಾರೆ. ನಮ್ಮ ಜನರ ಮೈಬಣ್ಣದಲ್ಲಿ ಆ ಕೆಂಪು ಸರಿಯಾಗಿ ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ಕಪ್ಪಗೆ, ನೇರಳೆ ತಿರುಗಿದ ಹಾಗೆ ಇರುತ್ತದೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಅದೂ ಗೊತ್ತಾಗಲ್ಲ. ಅದಕ್ಕೆ ನಾನು ಹೊಸಬರಿಗೆ ಕೈಯಲ್ಲಿ ನೋಡುವುದನ್ನು ಕಲಿಸುತ್ತೇನೆ. ಸೊಂಟದ ಹಿಂದಿನ ಮೂಳೆ, ಪಕ್ಕದ ಮೂಳೆ, ಹಿಮ್ಮಡಿ, ಇಲ್ಲೆಲ್ಲ ಕೈಯ ಹಿಂಭಾಗ ಇಟ್ಟು ನೋಡಬೇಕು. ಆ ಜಾಗ ಬೇರೆ ಕಡೆಗಿಂತ ಬಿಸಿಯಾಗಿದ್ದರೆ, ಒತ್ತಿದಾಗ ಗಟ್ಟಿಯಾಗಿಯೋ ಮೆತುಮೆತ್ತಗೋ ಸಿಕ್ಕರೆ, "ಅಯ್ಯೋ" ಅಂದರೆ, ಅಲ್ಲಿ ಒಳಗೆ ಶುರುವಾಗಿದೆ ಅಂತ. ಅವತ್ತಿಂದ ಆ ಮಗ್ಗಲಿಗೆ ಮಲಗಿಸಬಾರದು. ಕೊಬ್ಬರಿ ಎಣ್ಣೆ ಹಾಕಿ ತಿಕ್ಕುವುದು, ಸ್ಪಿರಿಟ್ ಹಚ್ಚುವುದು ಎರಡೂ ಬೇಡ. ತಿಕ್ಕಿದರೆ ಒಳಗೆ ಇನ್ನಷ್ಟು ಕೆಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೊಡುವ ಬಳೆಯಾಕಾರದ ಗಾಳಿ ದಿಂಬೂ ಬೇಡ, ಅದರ ಅಂಚು ಸುತ್ತಲಿನ ರಕ್ತ ಓಡಾಟವನ್ನೇ ತಡೆಯುತ್ತದೆ. ಹಿಮ್ಮಡಿಗೆ ಮೀನಖಂಡದ ಕೆಳಗೆ ದಿಂಬು ಕೊಟ್ಟು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿದರೆ ಸಾಕು. ಏರ್ ಬೆಡ್ ಒಳ್ಳೆಯದೇ. ಆದರೆ ಏರ್ ಬೆಡ್ ಹಾಕಿದೆವು, ಇನ್ನು ತಿರುಗಿಸೋದು ಬೇಡ ಅಂತ ಬಿಟ್ಟುಬಿಡಬಾರದು.

ಕಟ್ಟಿಹಾಕುವ ವಿಷಯ ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ಮರೆವಿನ ಕಾಯಿಲೆ ಇರುವವರು ರಾತ್ರಿ ಎದ್ದು ಗಲಾಟೆ ಮಾಡುತ್ತಾರೆ. ಬಿದ್ದು ಸೊಂಟ ಮುರಿದುಕೊಂಡರೆ ಅಂತ ಹಳೆ ಸೀರೆ ತುಂಡಲ್ಲಿ ಕೈಯನ್ನು ಮಂಚಕ್ಕೆ ಕಟ್ಟುವುದು, ಇಲ್ಲ ನಿದ್ದೆ ಮಾತ್ರೆ ಕೊಟ್ಟು ಮಲಗಿಸುವುದು ಎಷ್ಟೋ ಕಡೆ ನಡೆಯುತ್ತದೆ. ಕಟ್ಟಿದರೆ ಬೀಳುವುದು ನಿಲ್ಲುವುದಿಲ್ಲ. ಬಿಡಿಸಿಕೊಳ್ಳಲು ಒದ್ದಾಡಿ ಇನ್ನೂ ಕೆಟ್ಟದಾಗಿ ಬೀಳುತ್ತಾರೆ. ನಿದ್ದೆ ಮಾತ್ರೆಯ ಮಂಪರಿನಲ್ಲಿ ಎದ್ದವರು ಬೀಳುವುದೂ ಜಾಸ್ತಿ.

ಒಂದು ರಾತ್ರಿ ಒಬ್ಬ ತಾತ ಜೋರಾಗಿ ಕಿರುಚುತ್ತಿದ್ದರು. ಮರೆವು ಹೆಚ್ಚಾದ ಮೇಲೆ ಅವರಿಗೆ ಕನ್ನಡ ಹೋಗಿ ಬರೀ ತೆಲುಗು ಉಳಿದಿತ್ತು. ಅವತ್ತು ಪಾಳಿಯಲ್ಲಿದ್ದ ಹುಡುಗಿಗೆ ತೆಲುಗು ಬರುತ್ತಿರಲಿಲ್ಲ. "ಸಿಸ್ಟರ್, ಕಟ್ಟಲಾ?" ಅಂತ ಟವೆಲ್ ಹಿಡಿದು ನಿಂತಿದ್ದಳು. ಅವಳದ್ದೇನೂ ತಪ್ಪಿಲ್ಲ, ಬೇರೆ ಕಡೆ ಅವಳಿಗೆ ಕಲಿಸಿದ್ದು ಅದನ್ನೇ. ನಾನು ಪಂಚೆ ಸಡಿಲಿಸಿ ಹೊಕ್ಕುಳ ಕೆಳಗೆ ಕೈ ಇಟ್ಟೆ. ಹೊಟ್ಟೆಯ ಕೆಳಭಾಗ ಗುಮ್ಮಟದ ಹಾಗೆ ಉಬ್ಬಿ ಬಿಗಿದಿತ್ತು. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಕಟ್ಟಿಕೊಂಡಿದೆ. ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸಾಗಿಸಿದೆವು. ಪೈಪ್ ಹಾಕಿ ಮೂತ್ರ ತೆಗೆಯುತ್ತಿದ್ದಂತೆ ತಾತ ಸುಮ್ಮನಾಗಿ ಅಲ್ಲೇ ನಿದ್ದೆ ಹೋದರು. ಅವತ್ತು ಕಟ್ಟಿಹಾಕಿದ್ದರೆ ಏನಾಗುತ್ತಿತ್ತು?

ಅದಾದ ಮೇಲೆ ನಮ್ಮಲ್ಲಿ ಒಂದು ಕಟ್ಟುನಿಟ್ಟು ಬಂತು. ಯಾರೇ ರಾತ್ರಿ ಗಲಾಟೆ ಮಾಡಿದರೂ ಮೊದಲು ಮೂತ್ರ ಆಗಿದೆಯಾ, ಮೋಷನ್ ಆಗಿದೆಯಾ, ಜ್ವರ ಇದೆಯಾ, ಎಲ್ಲಾದರೂ ನೋವಾ, ಬಾಯಿ ಒಣಗಿದೆಯಾ ಅಂತ ನೋಡಿ ಬರೆಯಬೇಕು. ಎದ್ದು ಓಡಾಡುವವರ ಹಾಸಿಗೆಯನ್ನು ನೆಲಕ್ಕೆ ಹಾಕುತ್ತೇವೆ. ಬಾತ್‌ರೂಮ್ ದಾರಿಯಲ್ಲಿ ರಾತ್ರಿಯೆಲ್ಲ ಒಂದು ಸಣ್ಣ ದೀಪ ಉರಿಯುತ್ತದೆ. ಪಾಳಿಯಲ್ಲಿ ತೆಲುಗು ಬರುವವರು ಒಬ್ಬರು ಇರಲೇಬೇಕು. ಕೆಜಿಎಫ್ ಕಡೆಯಿಂದ ಬಂದವರಿದ್ದರೆ ತಮಿಳು ಬರುವವರೂ ಬೇಕು.

ಮೈಗೆ ಆಗುವ ಅನ್ಯಾಯ ಒಂದಾದರೆ ಆಸ್ತಿ ವಿಷಯದ್ದು ಇನ್ನೊಂದು. ವರ್ಷಗಟ್ಟಲೆ ಮುಖ ತೋರಿಸದ ಸಂಬಂಧಿಕರು ಇದ್ದಕ್ಕಿದ್ದಂತೆ ಹಣ್ಣು ಹಿಡಿದು ಬಂದರೆ ನಾನು ಆ ಕೋಣೆ ಬಿಟ್ಟು ಕದಲುವುದಿಲ್ಲ. ಹಾಗೆ ಬಂದವರೊಬ್ಬರು ಒಮ್ಮೆ ಸೇಬಿನ ಕವರಿನ ಜೊತೆ ಛಾಪಾ ಕಾಗದ, ಇಂಕ್ ಪ್ಯಾಡ್ ಎರಡನ್ನೂ ತೆಗೆದರು. ಅಜ್ಜಿಗೆ ಅವತ್ತು ಯಾವ ಊರಿನಲ್ಲಿದ್ದೇನೆ ಅನ್ನುವುದೂ ಗೊತ್ತಿರಲಿಲ್ಲ. "ಡಾಕ್ಟರ್ ನೋಡಿ ಹೇಳೋವರೆಗೂ ಹೆಬ್ಬೆಟ್ಟು ಹಾಕಿಸೋ ಹಾಗಿಲ್ಲ, ನಿಮ್ಮ ಹೆಸರು, ಫೋನ್ ನಂಬರ್ ಇಲ್ಲಿ ಬರೀರಿ" ಅಂತ ವಿಸಿಟರ್ ಪುಸ್ತಕ ಮುಂದಿಟ್ಟೆ. ಬರೆಯದೆ ಎದ್ದು ಹೋದರು. ಹಿರಿಯರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಆ ಪಾಸ್‌ಬುಕ್ ಯಾರ ಹತ್ತಿರ ಇದೆ, ಹಣ ಯಾರು ತೆಗೆಯುತ್ತಿದ್ದಾರೆ ಅಂತ ಸೇರಿಸಿಕೊಳ್ಳುವ ದಿನವೇ ಬರೆದುಕೊಳ್ಳಬೇಕು. ಆಶ್ರಮದವರು ಇಟ್ಟುಕೊಂಡರೂ ಅಷ್ಟೇ, ಲೆಕ್ಕ ಇರಬೇಕು.

ಕಾನೂನು ಹಿರಿಯರ ಪರವಾಗಿಯೇ ಇದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಅಂತ 2007ರಲ್ಲೇ ಕಾಯ್ದೆ ಬಂದಿದೆ. 60 ದಾಟಿದವರು ಎಸಿ ಅವರ, ಅಂದರೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ವಕೀಲರು ಬೇಡ. ನೋಟಿಸ್ ಹೋದ 90 ದಿನದೊಳಗೆ ಜೀವನಾಂಶದ ಅರ್ಜಿ ತೀರ್ಮಾನ ಆಗಬೇಕು, ಅಪರೂಪಕ್ಕೆ ಇನ್ನು 30 ದಿನ. ಸ್ವತಃ ಬರಲಾಗದವರ ಪರವಾಗಿ ಅವರು ಒಪ್ಪಿದ ಬೇರೆಯವರೋ ಸಂಸ್ಥೆಯೋ ಅರ್ಜಿ ಕೊಡಬಹುದು. ತಿಂಗಳ ಜೀವನಾಂಶಕ್ಕೆ 10,000 ರೂಪಾಯಿ ಮಿತಿ. ಹಿರಿಯರನ್ನು ನೋಡಿಕೊಳ್ಳಬೇಕಾದವರೇ ಎಲ್ಲೋ ಬಿಟ್ಟುಹೋದರೆ ಮೂರು ತಿಂಗಳವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ನೋಡಿಕೊಳ್ಳುತ್ತೇನೆ ಅಂತ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ 23ನೇ ಕಲಮಿನಲ್ಲಿ ಆ ಪತ್ರ ರದ್ದು ಮಾಡಿಸಬಹುದು. ಆದರೆ ದಾನಪತ್ರದಲ್ಲೇ ಆ ಷರತ್ತು ಬರೆಸಿರುವುದು ಒಳ್ಳೆಯದು. ಷರತ್ತು ಇತ್ತೇ ಅನ್ನುವುದರ ಮೇಲೆಯೇ ಕೋರ್ಟಿನಲ್ಲಿ ಎಷ್ಟೋ ಕೇಸು ನಿಂತಿವೆ.

ಈ ಕಾಯ್ದೆಯ ಹೆಚ್ಚಿನ ಭಾಗ ಮಕ್ಕಳ ಜವಾಬ್ದಾರಿಯ ಬಗ್ಗೆ. ಖಾಸಗಿ ವೃದ್ಧಾಶ್ರಮದ ಒಳಗೆ ಏನಿರಬೇಕು, ರಾತ್ರಿ ಎಷ್ಟು ಜನ ಇರಬೇಕು ಅನ್ನುವುದು ಅದರಲ್ಲಿ ಇಲ್ಲ. ಆಶ್ರಮಗಳಿಗೆ ನೋಂದಣಿ, ಕನಿಷ್ಠ ಸೌಲಭ್ಯದ ನಿಯಮ ತರಲು 2019ರಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡಿಸಿದರು. ಆ ಲೋಕಸಭೆಯ ಅವಧಿ ಮುಗಿಯುವುದರೊಳಗೆ ಅದು ಪಾಸಾಗಲಿಲ್ಲ, ಬಿದ್ದುಹೋಯಿತು. ನನಗೆ ಅತಿ ಹೆಚ್ಚು ಸಂಕಟ ಆಗುವುದು ಇದಕ್ಕೇ. ಹತ್ತು ಬೆಡ್ಡಿನ ಖಾಸಗಿ ಆಸ್ಪತ್ರೆ ತೆರೆಯಲೂ ಕರ್ನಾಟಕದಲ್ಲಿ ನೋಂದಣಿ ಬೇಕು. ಎದ್ದು ಕೂರಲೂ ಆಗದವರನ್ನು ಇಟ್ಟುಕೊಳ್ಳುವ ಮನೆಗೂ ಅಷ್ಟೇ ಬಿಗಿಯಾದ ನಿಯಮ ಬೇಡವಾ?

ನೋಡಲು ಬರುವ ಮಕ್ಕಳಿಗೆ ಒಂದು ಮಾತು. ಭಾನುವಾರ ಹನ್ನೊಂದು ಗಂಟೆಗೆ ಬಂದರೆ ಎಲ್ಲರೂ ಸ್ನಾನ ಮಾಡಿ, ತಲೆ ಬಾಚಿಕೊಂಡು ಕೂತಿರುತ್ತಾರೆ. ಒಮ್ಮೊಮ್ಮೆ ಹೇಳದೆ ಸಂಜೆ ಏಳಕ್ಕೆ ಬನ್ನಿ. ಅಮ್ಮನ ಮುಖ ನೋಡಿ ಹೋಗಬೇಡಿ, ಹೊದಿಕೆ ಸರಿಸಿ ಹಿಮ್ಮಡಿ ನೋಡಿ. ಉಗುರು ನೋಡಿ. ನೀರಿನ ಲೋಟ ಕೈಗೆ ಎಟಕುವ ಕಡೆ ಇದೆಯಾ ನೋಡಿ. ಊಟ ಮಾಡಿಸುವಾಗ ಎಬ್ಬಿಸಿ ಕೂರಿಸುತ್ತಾರಾ, ಊಟ ಆದ ಮೇಲೆ ಅರ್ಧ ಗಂಟೆ ಕೂರಿಸಿಯೇ ಇರುತ್ತಾರಾ ನೋಡಿ. ಮಲಗಿಸಿಕೊಂಡೇ ಮುದ್ದೆ ತಿನ್ನಿಸಿದರೆ ಅದು ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ತೂಕದ ಪುಸ್ತಕ ಕೇಳಿ. 50 ಕೆಜಿ ಇದ್ದವರು ಒಂದೇ ತಿಂಗಳಲ್ಲಿ 47.5ಕ್ಕೆ ಇಳಿದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಏನಾದರೂ ತಪ್ಪು ಕಂಡರೆ ಅಮ್ಮನ ಮಂಚದ ಪಕ್ಕ ನಿಂತು ಜಗಳ ಆಡಬೇಡಿ. ನೀವು ಹೋದ ಮೇಲೆ ಅಲ್ಲಿ ಉಳಿಯುವವರು ಅವರು. ಆಫೀಸಿಗೆ ಹೋಗಿ, ಬರೆದು ಕೊಡಿ, ಸ್ವೀಕೃತಿ ಸಹಿ ಕೇಳಿ. ಆಗಲೂ ಸರಿಹೋಗದಿದ್ದರೆ 14567ಕ್ಕೆ ಫೋನ್ ಮಾಡಿ, ಅದು ಹಿರಿಯರ ಸಹಾಯವಾಣಿ. ಉಚಿತ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಎತ್ತುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲೂ ವಿಚಾರಿಸಿ.

ನಾವು ಕೆಲವು ನರ್ಸ್‌ಗಳು, ಆಯಾಗಳು ಸೇರಿ ಈಗ ಜಿಲ್ಲಾಡಳಿತಕ್ಕೆ ಒಂದು ಅರ್ಜಿ ಬರೆಯುತ್ತಿದ್ದೇವೆ. ಜಿಲ್ಲೆಯ ಎಲ್ಲ ವೃದ್ಧಾಶ್ರಮಗಳ ಪಟ್ಟಿ ಆಗಬೇಕು. ಹಾಸಿಗೆ ಹಿಡಿದವರು ಎಷ್ಟು ಜನ ಅನ್ನುವುದರ ಮೇಲೆ ರಾತ್ರಿ ಪಾಳಿಗೆ ಎಷ್ಟು ಜನ ಬೇಕು ಅಂತ ನಿಗದಿ ಆಗಬೇಕು. ಮೂರು ತಿಂಗಳಿಗೊಮ್ಮೆ ಡಾಕ್ಟರ್ ಜೊತೆ ಅಧಿಕಾರಿಗಳು ಹೇಳದೆ ಬಂದು ಮಂಚದ ಪುಸ್ತಕ ನೋಡಬೇಕು. ಆಯಾಗಳಿಗೆ ಸರಿಯಾದ ಸಂಬಳ, ತರಬೇತಿ ಸಿಗಬೇಕು. ಅರ್ಜಿಯ ಕೊನೆಗೆ ಆ ರಾತ್ರಿಯ 120 ನಿಮಿಷದ ಲೆಕ್ಕವನ್ನೂ ಹಾಕಿದ್ದೇವೆ. ಸಹಿ ಮಾಡಲು ಇಷ್ಟ ಇರುವ ಬೇರೆ ಆಶ್ರಮದ ಸಿಬ್ಬಂದಿ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವವರು ಯಾರಿದ್ದರೂ ನಮ್ಮ ಜೊತೆ ಸೇರಿ.